ಹೊಸ್ತಿಲಿಲ್ಲದ ಮನೆ: ಕನಸನ್ನೂ ಎಚ್ಚರವನ್ನೂ ಬೆರೆಸುವ ಸಿನಿಮಾ ಹೇಗೆ ಕೆಲಸ ಮಾಡುತ್ತದೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಹೊರಗೆ ಕಾಲಿಡುವಂತಿರುವುದಿಲ್ಲ. ಉಂಡಾದ ಮೇಲೆ ಕಿಟಕಿ ಮುಚ್ಚಿ, ಕೂಲರ್ ಹಚ್ಚಿ, ತಣ್ಣಗಿನ ಶಹಾಬಾದಿ ಫರಸಿಯ ಮೇಲೆ ಚಾದರ ಹಾಸಿಕೊಂಡು ಮಲಗುವ ಹೊತ್ತದು. ಅಂಥ ಒಂದು ಮಧ್ಯಾಹ್ನ ನಮ್ಮ ಮನೆಯ ಹುಡುಗರು ಟಿವಿಯಲ್ಲಿ ಹೊರದೇಶದ ಸಿನಿಮಾ ಒಂದನ್ನು ಹಚ್ಚಿದ್ದರು. ಅರೆನಿದ್ದೆಯಲ್ಲಿದ್ದ ಕಾಕಾ ಎದ್ದು ಕುಳಿತು ಹತ್ತು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, "ತಮ್ಮಾ, ಈಗ ಆಗಿದ್ದು ಖರೇನೋ ಕನಸೋ?" ಎಂದು ಕೇಳಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೂ ಗೊತ್ತಿರಲಿಲ್ಲ.

ಮೂವತ್ತು ವರ್ಷದ ಹಿಂದೆ ಈ ಪ್ರಶ್ನೆ ನಮ್ಮ ಪಡಸಾಲೆಗೆ ಬರುತ್ತಲೇ ಇರಲಿಲ್ಲ. ಇಂಥ ಚಿತ್ರಗಳನ್ನು ನೋಡಬೇಕೆಂದರೆ ಬೆಂಗಳೂರು, ಪುಣೆಯಂಥ ಊರುಗಳ ಫಿಲ್ಮ್ ಸೊಸೈಟಿಗಳಿಗೆ ಹೋಗಬೇಕಿತ್ತು, ಅಲ್ಲಿ ಮುಂಚೆಯೇ ಒಂದಿಷ್ಟು ತಿಳಿದವರು ಪಕ್ಕದಲ್ಲಿ ಕುಳಿತಿರುತ್ತಿದ್ದರು. ಈಗ ಅವು ಫೋನಿನೊಳಗೇ ಬರುತ್ತವೆ, ಆದರೆ ತಿಳಿಸಿಕೊಡುವವರು ಜೊತೆಗೆ ಬರುವುದಿಲ್ಲ. ಹಾಗಾಗಿ ಕಾಕಾ ಕೇಳಿದ ಪ್ರಶ್ನೆಯನ್ನೇ ಹಿಡಿದು, ಈ ಬಗೆಯ ಸಿನಿಮಾ ಎಂದರೇನು, ಕನಸು ಮತ್ತು ಎಚ್ಚರದ ನಡುವಿನ ಗೆರೆಯನ್ನು ಅದು ಯಾವ ಉಪಾಯದಿಂದ ಅಳಿಸುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

ಅತಿವಾಸ್ತವ ಎಂಬ ಪದ

ಸರ್ರಿಯಲಿಸಂ ಎಂಬ ಫ್ರೆಂಚ್ ಮೂಲದ ಪದಕ್ಕೆ ಕನ್ನಡದಲ್ಲಿ ಅತಿವಾಸ್ತವವಾದ ಎನ್ನುತ್ತೇವೆ. ಈ ಪದವನ್ನು 1917ರಲ್ಲಿ ಹುಟ್ಟಿಸಿದವರು ಕವಿ ಅಪೊಲಿನೇರ್. 1924ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಣಾಳಿಕೆಯೊಂದನ್ನು ಪ್ರಕಟಿಸಿ ಅದನ್ನು ಚಳವಳಿಯಾಗಿ ಬೆಳೆಸಿದವರು ಆಂದ್ರೆ ಬ್ರೆತಾಂ. ಬ್ರೆತಾಂ ವೈದ್ಯಕೀಯ ಓದಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಮನೋರೋಗಿಗಳ ವಾರ್ಡುಗಳಲ್ಲಿ ಕೆಲಸ ಮಾಡುತ್ತ, ಯುದ್ಧದ ಆಘಾತದಿಂದ ಮನಸ್ಸು ಕದಡಿಹೋದ ಸೈನಿಕರ ಕನಸುಗಳನ್ನೂ ಬಡಬಡಿಕೆಯನ್ನೂ ಕೇಳಿಸಿಕೊಂಡವರು. ಕನಸಿನಲ್ಲಿ ನಮ್ಮ ಅದುಮಿಟ್ಟ ಬಯಕೆಗಳು ವೇಷ ಹಾಕಿಕೊಂಡು ಬರುತ್ತವೆ ಎಂದ ಸಿಗ್ಮಂಡ್ ಫ್ರಾಯ್ಡರ ಬರಹಗಳೂ ಅವರ ಮೇಲೆ ಪ್ರಭಾವ ಬೀರಿದ್ದವು. ಕನಸು ಬೇರೆ, ವಾಸ್ತವ ಬೇರೆ ಎಂದು ನಾವು ಎರಡು ಖಾನೆ ಮಾಡಿಟ್ಟುಕೊಂಡಿದ್ದೇವೆ, ಇವೆರಡೂ ಕೂಡಿಕೊಂಡಾಗಲೇ ಬದುಕಿನ ಪೂರ್ತಿ ಸತ್ಯ ಕಾಣಿಸುತ್ತದೆ ಎಂಬುದು ಬ್ರೆತಾಂ ವಾದದ ತಿರುಳು.

ಇಲ್ಲಿ ಒಂದು ಗೊಂದಲವನ್ನು ಆರಂಭದಲ್ಲೇ ಬಿಡಿಸಿಕೊಳ್ಳಬೇಕು. ವಿಚಿತ್ರವಾದದ್ದೆಲ್ಲ ಅತಿವಾಸ್ತವವಲ್ಲ. ಪೌರಾಣಿಕ ಚಿತ್ರದಲ್ಲಿ ದೇವರು ಪ್ರತ್ಯಕ್ಷನಾಗುತ್ತಾನೆ, ರಾಕ್ಷಸ ಗಗನದೆತ್ತರ ಬೆಳೆಯುತ್ತಾನೆ. ಆದರೆ ಆ ಲೋಕಕ್ಕೆ ಅದರದೇ ಕಾಯಿದೆಯಿದೆ, ವರ ಕೊಟ್ಟರೆ ವರ ಫಲಿಸುತ್ತದೆ, ಶಾಪ ಕೊಟ್ಟರೆ ಶಾಪ ತಟ್ಟುತ್ತದೆ. ಅತಿವಾಸ್ತವ ಚಿತ್ರದ ಕ್ರಮ ಇದಕ್ಕೆ ತಿರುಗಾಮುರುಗಾ. ಅಲ್ಲಿನ ಮನೆ, ಓಣಿ, ಕುರ್ಚಿ, ಬೀಗದ ಕೈ ಎಲ್ಲವೂ ನಿತ್ಯ ಕಾಣುವಂಥವೇ. ಒಂದಕ್ಕೂ ಇನ್ನೊಂದಕ್ಕೂ ಇರುವ ಬೆಸುಗೆ ಮಾತ್ರ ನಾವು ಕಂಡರಿಯದ್ದು.

ಕನಸಿನ ನಡೆ

ಆ ಬೆಸುಗೆ ಎಲ್ಲಿಂದ ಬಂತೆಂದು ತಿಳಿಯಲು ನಮ್ಮ ಕನಸುಗಳನ್ನೇ ಸ್ವಲ್ಪ ನೆನಪಿಸಿಕೊಂಡರೆ ಸಾಕು. ಕನಸಿಗೆ ಆರಂಭವಿರುವುದಿಲ್ಲ, ನಾವು ಯಾವಾಗಲೂ ನಟ್ಟನಡುವೆಯೇ ಇರುತ್ತೇವೆ. ಬಂದೇನವಾಜ್ ದರ್ಗಾದ ಕಡೆಗೆ ಹೋಗುವ ಓಣಿಯಲ್ಲಿ ನಡೆಯುತ್ತಿರುತ್ತೇವೆ. ತಿರುವು ದಾಟಿದರೆ ಬೀದರ್ ಕೋಟೆಯ ಒಳಗಿರುತ್ತೇವೆ. ನಡುವಿನ ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ ಎಲ್ಲಿ ಹೋಯಿತೆಂದು ಕೇಳುವುದಿಲ್ಲ. ಎದುರಿಗೆ ನಿಂತವರ ಮುಖ ಮನೆ ಮಾಲೀಕರದ್ದು, ಆದರೆ ಅವರು ಹೆಡ್ ಮಾಸ್ತರರೆಂದು ನಮಗೆ ಹೇಗೋ ಗೊತ್ತಿರುತ್ತದೆ. ತೀರಿಹೋದ ಅಜ್ಜಿ ರೊಟ್ಟಿ ಬಡಿಯುತ್ತ ಕುಳಿತಿರುತ್ತಾಳೆ. ಅವಳು ತೀರಿಹೋಗಿದ್ದಾಳೆಂಬುದೂ ನೆನಪಿರುತ್ತದೆ, ಆದರೂ ಅದೊಂದು ತೊಡಕೆನಿಸುವುದಿಲ್ಲ. ಕನಸಿನೊಳಗೆ ಇರುವಷ್ಟು ಹೊತ್ತು ನಮಗೆ ಆಶ್ಚರ್ಯವೇ ಆಗುವುದಿಲ್ಲ ಎಂಬುದು ಕನಸಿನ ದೊಡ್ಡ ಗುಣ. ಆಶ್ಚರ್ಯವಾಗುವುದು ಎದ್ದ ಮೇಲೆ, ಮುಖ ತೊಳೆಯುವಾಗ.

ಹೀಗೇಕೆ ಎಂಬುದಕ್ಕೆ ವಿಜ್ಞಾನದಲ್ಲಿ ಒಂದಷ್ಟು ಉತ್ತರವಿದೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬ ಸಂಶೋಧಕರು, ಮಲಗಿದವರ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಬಿರುಸಾಗಿ ಓಡಾಡುವ ಒಂದು ಹಂತ ನಿದ್ದೆಯಲ್ಲಿದೆಯೆಂದು ತೋರಿಸಿಕೊಟ್ಟರು. ಇದನ್ನು ರೆಮ್ ನಿದ್ದೆ ಎನ್ನುತ್ತಾರೆ. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಇದು ವಯಸ್ಕರ ನಿದ್ದೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗದಷ್ಟಿರುತ್ತದೆ, ಕಣ್ಣಿಗೆ ಕಟ್ಟಿದಂಥ ಕನಸುಗಳು ಬಹುಮಟ್ಟಿಗೆ ಬೀಳುವುದು ಆಗಲೇ. ಆ ಹೊತ್ತಿನಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಗೊಂಡು ಮೈ ಅಲುಗಾಡದಂತಿರುತ್ತದೆ. ಭಾವನೆಗೆ ಸಂಬಂಧಿಸಿದ ಮೆದುಳಿನ ಭಾಗಗಳು ಚುರುಕಾಗಿದ್ದರೆ, ಸರಿತಪ್ಪು ತೂಗಿ ನೋಡುವ ಮುಂಭಾಗದ ಒಂದು ಪ್ರದೇಶ ಮಂಕಾಗಿರುತ್ತದೆ. ಲೆಕ್ಕ ಕೇಳುವ ಯಜಮಾನ ಊರಿಗೆ ಹೋದಾಗ ಅಂಗಡಿಯ ಹುಡುಗರೇ ವ್ಯಾಪಾರ ನಡೆಸಿದಂತೆ.

ಈಗ ಸಿನಿಮಾ ಟಾಕೀಸನ್ನು ನೆನಪಿಸಿಕೊಳ್ಳಿ. ಕತ್ತಲೆ, ಅಲುಗಾಡದೆ ಕುಳಿತ ಮೈ, ಕಣ್ಣ ಮುಂದೆ ಹಾದುಹೋಗುವ ಬೆಳಕಿನ ಚಿತ್ರಗಳು, ಅವುಗಳನ್ನು ನಿಲ್ಲಿಸುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಅತಿವಾಸ್ತವವಾದಿಗಳು ಚಿತ್ರಕಲೆ, ಕಾವ್ಯಗಳ ಜೊತೆಗೆ ಸಿನಿಮಾವನ್ನೂ ತಬ್ಬಿಕೊಂಡದ್ದು ಈ ಹೋಲಿಕೆಯಿಂದಾಗಿಯೇ.

ರೀಲು ಹಿಂದುಮುಂದಾದ ರಾತ್ರಿ

ಮೈಯ ಹೋಲಿಕೆಗಿಂತ ಆಳವಾದ ಇನ್ನೊಂದು ಹೋಲಿಕೆ ಸಿನಿಮಾದ ಕಟ್ಟೋಣದಲ್ಲೇ ಇದೆ. ಅದನ್ನು ನನಗೆ ಮನದಟ್ಟು ಮಾಡಿದವರು ಕಾಕಾ. ಅವರು ಊರಿನ ಒಂದು ಟಾಕೀಸಿನಲ್ಲಿ ಬಹಳ ವರ್ಷ ಆಪರೇಟರ್ ಆಗಿದ್ದವರು. 35 ಮಿಲಿಮೀಟರಿನ ಸಾವಿರ ಅಡಿಯ ಒಂದು ರೀಲು, ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ, ಹನ್ನೊಂದು ನಿಮಿಷ ಓಡುತ್ತದೆ. ತಗಡಿನ ಡಬ್ಬಿಗಳಲ್ಲಿ ಬಂದ ರೀಲುಗಳನ್ನು ನಂಬರ್ ನೋಡಿ ಸಾಲಾಗಿ ಇಟ್ಟುಕೊಳ್ಳಬೇಕು. ಹರಿದಲ್ಲಿ ಬ್ಲೇಡಿನಿಂದ ಕೆರೆದು ಅಂಟು ಹಚ್ಚಿ ಜೋಡಬೇಕು. ಒಂದು ರಾತ್ರಿ ಎರಡನೇ ಆಟಕ್ಕೆ ಹನ್ನೊಂದು ಮತ್ತು ಹನ್ನೆರಡನೆಯ ರೀಲುಗಳು ಹಿಂದುಮುಂದಾದವು. ಹನ್ನೆರಡರಲ್ಲಿ ನಾಯಕನ ತಮ್ಮ ಸಾಯುತ್ತಾನೆ. ಅದರ ಹಿಂದೆಯೇ ಬಂದ ಹನ್ನೊಂದರಲ್ಲಿ ಅದೇ ತಮ್ಮ ಅಂಗಳದಲ್ಲಿ ಕುಳಿತು ನಗುತ್ತ ಊಟ ಮಾಡುತ್ತಾನೆ.

ಜನ ಕೂಗಾಡುತ್ತಾರೆಂದು ಕಾಕಾ ಕ್ಯಾಬಿನ್ನಿನಲ್ಲಿ ಬೆವರುತ್ತಿದ್ದರಂತೆ. ಯಾರೂ ಕೂಗಲಿಲ್ಲ. ಆಟ ಬಿಟ್ಟ ಮೇಲೆ ಪಾನ್ ಡಬ್ಬಿಯ ಹತ್ತಿರ ಇಬ್ಬರು ಮಾತಾಡುವುದು ಅವರ ಕಿವಿಗೆ ಬಿತ್ತು. "ತಮ್ಮ ಸತ್ತಿದ್ದಿಲ್ಲೇನು?" ಎಂದು ಒಬ್ಬ ಕೇಳಿದರೆ, "ಏ, ಅದು ಅಣ್ಣಗ ಬಿದ್ದ ಕನಸಪಾ, ತಿಳೀಲಿಲ್ಲೇನು ನಿನಗ?" ಎಂದ ಇನ್ನೊಬ್ಬ.

ಈ ಸಣ್ಣ ಅವಘಡದೊಳಗೆ ನಮ್ಮ ವಿಷಯದ ಕೀಲಿಯಿದೆ. ಸಿನಿಮಾ ಎಂಬುದು ತುಂಡುಗಳ ಸಾಲು. ಒಬ್ಬಳು ಬಾಗಿಲತ್ತ ಕೈ ಚಾಚುವುದು ಒಂದು ತುಂಡು, ಬಾಗಿಲಾಚೆಗೆ ಅವಳು ಕಾಲಿಡುವುದು ಇನ್ನೊಂದು. ಮೊದಲನೆಯದನ್ನು ಸ್ಟುಡಿಯೊದಲ್ಲಿ, ಎರಡನೆಯದನ್ನು ಆರು ತಿಂಗಳ ನಂತರ ಇನ್ನೊಂದು ಊರಿನಲ್ಲಿ ತೆಗೆದಿರಬಹುದು. ನೋಡುವವರು ಮಾತ್ರ ಎರಡನ್ನೂ ಒಂದೇ ಮನೆ ಮಾಡಿಕೊಳ್ಳುತ್ತಾರೆ. ತುಂಡುಗಳ ನಡುವೆ ಸಂಬಂಧ ಕಟ್ಟುವ ಕೆಲಸವನ್ನು ಪರದೆ ಮಾಡುವುದಿಲ್ಲ, ನಮ್ಮ ಮನಸ್ಸು ಮಾಡುತ್ತದೆ, ಅದೂ ನಮಗೆ ತಿಳಿಸದೆ. ಸತ್ತವನು ಊಟಕ್ಕೆ ಕುಳಿತರೂ ಅದಕ್ಕೊಂದು ಕನಸನ್ನು ತಾನೇ ಹುಟ್ಟಿಸಿ ಕಥೆಯನ್ನು ಉಳಿಸಿಕೊಳ್ಳುವಷ್ಟು ಮನಸ್ಸು ಈ ಕೆಲಸದಲ್ಲಿ ಗಟ್ಟಿ. ಕಾಕಾ ಕೈತಪ್ಪಿ ಮಾಡಿದ್ದನ್ನು ಅತಿವಾಸ್ತವ ಸಿನಿಮಾದ ನಿರ್ದೇಶಕ ಬೇಕೆಂದೇ ಮಾಡುತ್ತಾನೆ.

ಸಾಮಾನ್ಯ ಸಿನಿಮಾದ ಹೊಸ್ತಿಲು

ಕನಸನ್ನು ತೋರಿಸುವುದು ಸಿನಿಮಾಕ್ಕೆ ಹೊಸದಲ್ಲ. ನಮ್ಮ ಚಿತ್ರಗಳಂತೂ ಕನಸಿನ ಹಾಡಿಲ್ಲದೆ ಮುಗಿಯುತ್ತಿರಲಿಲ್ಲ: ನಾಯಕಿ ಬಾವಿಗೆ ಕೊಡ ಬಿಡುತ್ತ ಒಂದು ಕ್ಷಣ ಮೈಮರೆತರೆ ಮರುಕ್ಷಣ ಹಿಮದ ಬೆಟ್ಟ, ಹೊಸ ಸೀರೆ, ಹಿಂದೆ ಮೂವತ್ತು ಜನ ಕುಣಿಯುವವರು. ಇದರಲ್ಲಿರುವ ಅಸಂಬದ್ಧತೆಯನ್ನು ಬೇಸರವಿಲ್ಲದೆ ಒಪ್ಪಿಕೊಂಡ ಪ್ರೇಕ್ಷಕರಿಗೆ ಅತಿವಾಸ್ತವ ಸಿನಿಮಾ ಕಷ್ಟವಾಗಬಾರದೆಂದು ನನಗೆ ಆಗಾಗ ಅನ್ನಿಸುತ್ತದೆ. ಆದರೂ ಕಷ್ಟವಾಗುತ್ತದೆ, ಏಕೆಂದರೆ ಅಲ್ಲಿ ಒಂದು ಹೊಸ್ತಿಲಿತ್ತು. ಕಣ್ಣು ಮುಚ್ಚುವುದು, ಪರದೆ ಅಲೆಯಂತೆ ತೊನೆಯುವುದು, ಸಂಗೀತ ಬದಲಾಗುವುದು, ಕೊನೆಗೆ ಯಾರೋ ಭುಜ ಅಲುಗಿಸಿ ಕರೆಯುವುದು. ಹೊಸ್ತಿಲು ದಾಟಿ ಒಳಗೆ ಹೋದೆವು, ಅದನ್ನೇ ದಾಟಿ ಹೊರಗೆ ಬಂದೆವು.

1951ರ 'ಆವಾರಾ'ದಲ್ಲಿ ರಾಜ್ ಕಪೂರ್ ಮೋಡಗಳ ನಡುವಿನ ಸ್ವರ್ಗನರಕಗಳನ್ನು ದೊಡ್ಡ ಸೆಟ್ಟು ಹಾಕಿ ತೋರಿಸಿದ್ದೂ, 1966ರ 'ನಾಯಕ್'ನಲ್ಲಿ ಸತ್ಯಜಿತ್ ರಾಯ್ ಅವರ ಸಿನಿಮಾ ನಟ ನೋಟುಗಳ ಗುಡ್ಡೆಯೊಳಗೆ ಉಸುಬಿನಲ್ಲಿ ಹುಗಿದಂತೆ ಮುಳುಗಿಹೋಗುವುದೂ ಹೀಗೆ ಹೊಸ್ತಿಲಿರುವ ಕನಸುಗಳೇ. ಒಳಗಿನದು ಎಷ್ಟು ಭಯಂಕರವಾಗಿದ್ದರೂ, ಮಲಗಿದವನು ಯಾರು, ಏಳುವವನು ಯಾರು ಎಂಬುದರಲ್ಲಿ ಸಂಶಯವಿಲ್ಲ.

ಆಲ್ಫ್ರೆಡ್ ಹಿಚ್‌ಕಾಕ್‌ರ 1945ರ 'ಸ್ಪೆಲ್‌ಬೌಂಡ್' ಇನ್ನೂ ಸ್ಪಷ್ಟ ಉದಾಹರಣೆ. ಅದರ ಕನಸಿನ ದೃಶ್ಯವನ್ನು ಕಲ್ಪಿಸಿಕೊಟ್ಟವರು ಅತಿವಾಸ್ತವ ಚಿತ್ರಕಾರ ಸಾಲ್ವಡಾರ್ ದಾಲಿ. ದೊಡ್ಡ ಕಣ್ಣುಗಳನ್ನು ಬರೆದ ಪರದೆಗಳು, ಅವುಗಳನ್ನು ಭಾರಿ ಕತ್ತರಿಯಿಂದ ಕತ್ತರಿಸುವ ಮನುಷ್ಯ. ಆದರೆ ಕಥೆಯಲ್ಲಿ ಆ ಕನಸು ಮನೋವೈದ್ಯರ ಮುಂದೆ ರೋಗಿ ಹೇಳುವ ಹೇಳಿಕೆ ಮಾತ್ರ. ವೈದ್ಯರು ಅದರ ಒಂದೊಂದು ಚಿತ್ರವನ್ನೂ ಬಿಡಿಸಿ ಕೊಲೆಯ ಗುಟ್ಟನ್ನು ಪತ್ತೆ ಹಚ್ಚುತ್ತಾರೆ. ಹದಿನಾರು ವರ್ಷ ಮೊದಲು ಇದೇ ದಾಲಿ ಕೈಹಾಕಿದ್ದ ಇನ್ನೊಂದು ಚಿತ್ರದಲ್ಲೂ ಕಣ್ಣು ಮತ್ತು ಹರಿತವಾದ ಆಯುಧ ಇದ್ದವು. ಅದಕ್ಕೆ ಬಿಡಿಸುವ ವೈದ್ಯರಿರಲಿಲ್ಲ.

ಹೊಸ್ತಿಲು ಕಿತ್ತವರು

ಆ ಚಿತ್ರವೇ 1929ರ 'ಅನ್ ಆಂಡಲೂಸಿಯನ್ ಡಾಗ್'. ದಾಲಿ ಮತ್ತು ಲೂಯಿ ಬುನ್ಯುಯೆಲ್ ಎಂಬ ಇಬ್ಬರು ಸ್ಪೇನಿನ ಯುವಕರು ತಮಗೆ ಬಿದ್ದ ಒಂದೊಂದು ಕನಸನ್ನು ಹೇಳಿಕೊಂಡದ್ದೇ ಅದರ ಬೀಜ. ತೆಳು ಮೋಡವೊಂದು ಚಂದ್ರನನ್ನು ಕತ್ತಿ ಕಣ್ಣನ್ನು ಸೀಳುವಂತೆ ಸೀಳಿದ್ದು ಬುನ್ಯುಯೆಲ್ ಕಂಡ ಕನಸು, ಇರುವೆ ಮುತ್ತಿದ ಅಂಗೈ ದಾಲಿ ಕಂಡದ್ದು. ಬುದ್ಧಿಯಿಂದ ವಿವರಿಸಬಹುದಾದ ಯಾವ ಚಿತ್ರವನ್ನೂ ಇಟ್ಟುಕೊಳ್ಳಬಾರದೆಂದು ಇಬ್ಬರೂ ಕರಾರು ಮಾಡಿಕೊಂಡು ಚಿತ್ರಕಥೆ ಬರೆದರು. ಹಣ ಬುನ್ಯುಯೆಲ್‌ರ ತಾಯಿಯದು. ಚಿತ್ರದಲ್ಲಿ ನಾಯಿಯೂ ಇಲ್ಲ, ಆಂಡಲೂಸಿಯಾ ಎಂಬ ಸೀಮೆಯೂ ಇಲ್ಲ. ಮೊದಲ ಪ್ರದರ್ಶನದ ದಿನ ಜನ ತಿರುಗಿಬಿದ್ದಾರೆಂದು ಜೇಬಿನ ತುಂಬ ಕಲ್ಲು ಇಟ್ಟುಕೊಂಡು ಪರದೆಯ ಹಿಂದೆ ನಿಂತಿದ್ದುದಾಗಿ ಬುನ್ಯುಯೆಲ್ ಮುಂದೆ ಹೇಳಿಕೊಂಡಿದ್ದಾರೆ. ಕಲ್ಲಿನ ಅಗತ್ಯ ಬೀಳಲಿಲ್ಲ, ಚಿತ್ರ ಗೆದ್ದಿತು.

ಇದರ ಆರಂಭದ ಕಣ್ಣು ಸೀಳುವ ದೃಶ್ಯವನ್ನೇ ಎಲ್ಲರೂ ನೆನೆಯುತ್ತಾರೆ. (ಅಲ್ಲಿ ಬಳಸಿದ್ದು ಸತ್ತ ಕರುವಿನ ಕಣ್ಣು, ಆದರೂ ಮೆತ್ತನೆ ಮನಸ್ಸಿನವರು ಆ ಹೊತ್ತಿಗೆ ಮುಖ ತಿರುಗಿಸಿಕೊಳ್ಳುವುದು ಒಳ್ಳೆಯದು.) ನಮ್ಮ ವಿಷಯಕ್ಕೆ ಅದಕ್ಕಿಂತ ಮುಖ್ಯವಾದ ಎರಡು ಸಂಗತಿಗಳು ಅದರಲ್ಲಿವೆ. ಮೂಕಿಚಿತ್ರಗಳಲ್ಲಿ ಕಾಲ ಸರಿದದ್ದನ್ನು ತಿಳಿಸಲು ಬರಹದ ಫಲಕ ತೋರಿಸುತ್ತಿದ್ದರು. ಇಲ್ಲಿಯೂ 'ಎಂಟು ವರ್ಷಗಳ ನಂತರ' ಎಂಬ ಫಲಕ ಬರುತ್ತದೆ, ಹೆಂಗಸು ಎಂಟು ವರ್ಷ ಮುದುಕಿಯಾಗಿರುವುದಿಲ್ಲ. 'ಹದಿನಾರು ವರ್ಷಗಳ ಹಿಂದೆ' ಎಂಬ ಫಲಕ ಜಗಳದ ನಟ್ಟನಡುವೆ ಬರುತ್ತದೆ, ಜಗಳ ಅದೇ ಕೋಣೆಯಲ್ಲಿ ಮುಂದುವರಿಯುತ್ತದೆ. ದಾರಿ ತೋರಿಸಬೇಕಾದ ಮೈಲುಗಲ್ಲೇ ಸುಳ್ಳು ಹೇಳತೊಡಗಿದರೆ ಪ್ರಯಾಣಿಕನ ಗತಿ ಏನಾಗುತ್ತದೋ ನೋಡುವವರ ಗತಿಯೂ ಅದೇ. ಎರಡನೆಯದು ಕೊನೆಯಲ್ಲಿದೆ: ಆ ಹೆಂಗಸು ಪಟ್ಟಣದ ಮಹಡಿ ಮನೆಯ ಕೋಣೆಯ ಬಾಗಿಲು ತೆಗೆಯುತ್ತಾಳೆ, ಹೊರಗೆ ಸಮುದ್ರದ ದಂಡೆ. ಅವಳ ಕೂದಲು ಗಾಳಿಗೆ ಹಾರುತ್ತದೆ. ಅವಳಿಗೆ ಆಶ್ಚರ್ಯವೇನೂ ಆಗುವುದಿಲ್ಲ.

ಬುನ್ಯುಯೆಲ್ ಮುಪ್ಪಿನಲ್ಲಿಯೂ ಈ ಆಟ ಬಿಡಲಿಲ್ಲ. 1972ರ 'ದಿ ಡಿಸ್ಕ್ರೀಟ್ ಚಾರ್ಮ್ ಆಫ್ ದಿ ಬೂರ್ಷ್ವಾಸಿ'ಯಲ್ಲಿ ಶ್ರೀಮಂತ ಗೆಳೆಯರು ಊಟಕ್ಕೆ ಕುಳಿತಿರುವಾಗ ಪಕ್ಕದ ತೆರೆ ಸರಿದು, ತಾವು ಕುಳಿತಿರುವುದು ನಾಟಕದ ರಂಗದ ಮೇಲೆ ಎಂದು ಗೊತ್ತಾಗುತ್ತದೆ. ಅವರಲ್ಲೊಬ್ಬ ಎಚ್ಚರಗೊಳ್ಳುತ್ತಾನೆ; ಕನಸಾಗಿತ್ತಲ್ಲ ಎಂದು ನಾವೂ ಉಸಿರು ಬಿಡುತ್ತೇವೆ. ಎದ್ದವನು ಇನ್ನೊಂದು ಔತಣಕ್ಕೆ ಹೋಗುತ್ತಾನೆ, ಅಲ್ಲಿ ಗುಂಡು ಹಾರುತ್ತದೆ, ಆಗ ಇನ್ನೊಬ್ಬ ಎಚ್ಚರಗೊಳ್ಳುತ್ತಾನೆ. ಮೊದಲನೆಯವನು ಎದ್ದದ್ದೂ ಈ ಎರಡನೆಯವನ ಕನಸಿನೊಳಗೇ! ಇಲ್ಲಿ ಹೊಸ್ತಿಲನ್ನು ಕಿತ್ತಿಲ್ಲ, ಇದ್ದ ಹೊಸ್ತಿಲು ನಂಬಿಕೆಗೆ ಯೋಗ್ಯವಲ್ಲ ಎಂದು ತೋರಿಸಲಾಗಿದೆ. ಒಮ್ಮೆ ಹೀಗಾದ ಮೇಲೆ ಚಿತ್ರದಲ್ಲಿ ಯಾರು ಎದ್ದು ಕುಳಿತರೂ ನಮಗೆ ಸಂಶಯ ಬಿಡುವುದಿಲ್ಲ.

ಕನ್ನಡದ ಉದಾಹರಣೆ ಬೇಕಾದವರು 2013ರಲ್ಲಿ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ 'ಲೂಸಿಯಾ'ವನ್ನು ನೋಡಬಹುದು. ಅದು ಪೂರ್ತಿ ಅತಿವಾಸ್ತವ ಚಿತ್ರವಲ್ಲ, ಅದರ ಕಥೆಗೆ ಗಟ್ಟಿಯಾದ ಚೌಕಟ್ಟಿದೆ. ಟಾಕೀಸಿನಲ್ಲಿ ಬ್ಯಾಟರಿ ಹಿಡಿದು ಸೀಟು ತೋರಿಸುವ ಹುಡುಗನ ಬದುಕು ಬಣ್ಣದಲ್ಲಿ, ಸಿನಿಮಾ ನಟನ ಬದುಕು ಕಪ್ಪುಬಿಳುಪಿನಲ್ಲಿ ಬರುತ್ತದೆ. ಬಣ್ಣವೇ ಹೊಸ್ತಿಲು ಎಂದುಕೊಂಡು ನಾವು ನಿಶ್ಚಿಂತರಾಗಿರುತ್ತೇವೆ. ಹೊಸ್ತಿಲಿನ ಯಾವ ಕಡೆ ಮನೆ, ಯಾವ ಕಡೆ ಬೀದಿ ಎಂಬುದನ್ನು ಮಾತ್ರ ನಾವು ವಿಚಾರಿಸಿಯೇ ಇರುವುದಿಲ್ಲ. ಮುಂದಿನದನ್ನು ಹೇಳಿದರೆ ನೋಡದವರಿಗೆ ಅನ್ಯಾಯವಾದೀತು.

2025ರ ಜನವರಿಯಲ್ಲಿ ತೀರಿಕೊಂಡ ಅಮೆರಿಕದ ಡೇವಿಡ್ ಲಿಂಚ್ ಈ ದಾರಿಯಲ್ಲಿ ಬಹಳ ದೂರ ನಡೆದವರು. ಅವರ 2001ರ 'ಮಲ್‌ಹಾಲಂಡ್ ಡ್ರೈವ್'ನ ಮೊದಲ ದೊಡ್ಡ ಭಾಗ ಕನಸು, ಉಳಿದದ್ದು ವಾಸ್ತವ ಎಂದು ಬಹಳ ಜನ ಅರ್ಥ ಮಾಡುತ್ತಾರೆ, ಅದಕ್ಕೆ ಆಧಾರವೂ ಇದೆ. ಆದರೆ ಲಿಂಚ್ ತಮ್ಮ ಚಿತ್ರಗಳ ಅರ್ಥ ಹೇಳಲು ಕಡೆಯವರೆಗೂ ಒಪ್ಪಲಿಲ್ಲ. ಅವರಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಶಬ್ದ. 1977ರ ಮೊದಲ ಪೂರ್ಣಾವಧಿ ಚಿತ್ರ 'ಇರೇಸರ್‌ಹೆಡ್'ನಿಂದಲೂ ಅವರ ದೃಶ್ಯಗಳ ತಳದಲ್ಲಿ ಒಂದು ಮಂದ್ರವಾದ ಗುಂಯ್‌ಗುಡುವಿಕೆ ಹರಿಯುತ್ತಿರುತ್ತದೆ, ಎರಡು ಓಣಿ ಆಚೆಗೆ ಹಿಟ್ಟಿನ ಗಿರಣಿ ತಿರುಗುತ್ತಿರುವಂತೆ. ಅದು ಇದೆಯೆಂದು ಗೊತ್ತಾಗುವ ಮೊದಲೇ ಎದೆ ಭಾರವಾಗಿರುತ್ತದೆ. ಪರದೆಯ ಮೇಲೆ ಬರಿ ಕೋಣೆ, ಸೋಫಾ, ದೀಪ ಇದ್ದರೂ ಇದು ಎಚ್ಚರದ ಲೋಕವಲ್ಲ ಎಂದು ಕಿವಿ ಹೇಳಿಬಿಡುತ್ತದೆ.

ಬೆಡಗು ಬಲ್ಲವರಿಗೆ ಒಂದು ಎಚ್ಚರಿಕೆ

ಇದನ್ನೆಲ್ಲ ಕೇಳಿದಾಗ ನಮ್ಮ ಕಡೆಯವರಿಗೆ ಬೆಡಗು ನೆನಪಾಗುವುದು ಸಹಜ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣ. ಅಲ್ಲಿನ ಅಲ್ಲಮಪ್ರಭುವಿನ ಬೆಡಗಿನ ವಚನಗಳೂ, ಮುಂದೆ ಕಡಕೋಳದ ಮಡಿವಾಳಪ್ಪನವರಿಂದ ಶಿಶುನಾಳದ ಷರೀಫರವರೆಗೆ ಹರಿದುಬಂದ ತತ್ವಪದಗಳೂ ಲೋಕದ ಕ್ರಮವನ್ನು ತಲೆಕೆಳಗು ಮಾಡಿ ತೋರಿಸುತ್ತವೆ. ಕೋಳಿ ಕೋಡಗನನ್ನು ನುಂಗಿದ ಸುದ್ದಿ ಭಜನೆಗೆ ಕೂಡುವ ಮಕ್ಕಳಿಗೂ ಗೊತ್ತು. ಇಂಥ ಚಿತ್ರಗಳಿಗೆ ಬೆಚ್ಚದೆ ಕಿವಿಗೊಡುವ ರೂಢಿ ನಮ್ಮಲ್ಲಿ ಹಳೆಯದು.

ಆದರೆ ಎರಡೂ ಒಂದೇ ಅಲ್ಲ. ಬೆಡಗಿಗೆ ಬೀಗದ ಕೈ ಇದೆ: ಕೋಳಿಯೆಂದರೆ ಇದು, ಕೋಡಗನೆಂದರೆ ಇದು ಎಂದು ಗುರು ಶಿಷ್ಯನಿಗೆ ಬಿಡಿಸಿ ಹೇಳಬಲ್ಲ, ಬೆಡಗಿನ ವಚನಗಳಿಗೆ ಟೀಕೆಗಳನ್ನೇ ಬರೆದಿಟ್ಟವರಿದ್ದಾರೆ. ಬುನ್ಯುಯೆಲ್ ಮತ್ತು ದಾಲಿ ಬೀಗದ ಕೈಯಿರುವ ಚಿತ್ರಗಳನ್ನು ಆರಿಸಿ ಆರಿಸಿ ತೆಗೆದುಹಾಕಿದವರು. ಹೀಗಾಗಿ ಅತಿವಾಸ್ತವ ಸಿನಿಮಾವನ್ನು ಒಡಪಿನಂತೆ ಒಡೆಯಲು ಕುಳಿತವರು ದಣಿಯುತ್ತಾರೆ. ಇರುವೆ ಎಂದರೇನು, ಬಾಗಿಲೆಂದರೇನು ಎಂದು ಕೇಳುವ ಬದಲು, ಈ ತುಂಡಿನಿಂದ ಆ ತುಂಡಿಗೆ ನನ್ನ ಮನಸ್ಸು ಹೇಗೆ ದಾಟಿತು, ದಾಟುವಾಗ ಯಾವ ಭಾವ ಬಂತು ಎಂದು ಗಮನಿಸುವುದು ಹೆಚ್ಚು ಫಲ ಕೊಡುತ್ತದೆ. ಮತ್ತೆ ಮತ್ತೆ ಬರುವ ವಸ್ತುಗಳ ಮೇಲೆ ಕಣ್ಣಿರಲಿ, ಮೊದಲ ಸಲ ನಡುವೆ ನಿಲ್ಲಿಸದೆ ನೋಡಿ. ಅಭ್ಯಾಸವಿಲ್ಲದವರು ಚಿಕ್ಕ ಚಿತ್ರದಿಂದ ತೊಡಗುವುದು ಲೇಸು.

ಅಂಥ ಚಿಕ್ಕ ಚಿತ್ರವೆಂದು ನಾನು ಕಾಕಾಗೆ ಮಾಯಾ ಡೆರೆನ್ ಮತ್ತು ಅವರ ಪತಿ ಅಲೆಕ್ಸಾಂಡರ್ ಹಮೀದ್ 1943ರಲ್ಲಿ ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲೇ ತೆಗೆದ 'ಮೆಷಸ್ ಆಫ್ ದಿ ಆಫ್ಟರ್‌ನೂನ್' ತೋರಿಸಿದೆ. 14 ನಿಮಿಷದ ಕಪ್ಪುಬಿಳುಪು ಚಿತ್ರ. ಮಧ್ಯಾಹ್ನ ಒಬ್ಬ ಹೆಂಗಸು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚುತ್ತಾಳೆ. ಕನಸಿನಲ್ಲಿ ಅವಳದೇ ರೂಪದ ಇನ್ನೊಬ್ಬಳು, ಮತ್ತೊಬ್ಬಳು ಅದೇ ಮನೆಗೆ ಬರುತ್ತಾರೆ. ಬೀಗದ ಕೈ ಚೂರಿಯಾಗುತ್ತದೆ. ಕಡೆಗೆ ಒಬ್ಬಳು ಚೂರಿ ಹಿಡಿದು ಮಲಗಿದವಳತ್ತ ನಡೆಯುತ್ತಾಳೆ. ಟೇಬಲ್ಲಿನಿಂದ ಕುರ್ಚಿಗೆ ಇರುವುದು ನಾಲ್ಕೇ ಹೆಜ್ಜೆ. ಮೊದಲ ಹೆಜ್ಜೆ ಸಮುದ್ರದ ಮರಳಿನ ಮೇಲೆ ಬೀಳುತ್ತದೆ, ಎರಡನೆಯದು ಹುಲ್ಲಿನ ಮೇಲೆ, ಮೂರನೆಯದು ಫುಟ್‌ಪಾತಿನ ಮೇಲೆ, ನಾಲ್ಕನೆಯದು ಕೋಣೆಯ ಜಮಖಾನದ ಮೇಲೆ. ನಡಿಗೆ ಎಲ್ಲೂ ತುಂಡಾಗುವುದಿಲ್ಲ, ಕಾಲ ಕೆಳಗಿನ ನೆಲ ಮಾತ್ರ ಬದಲಾಗುತ್ತ ಹೋಗುತ್ತದೆ.

ಕಾಕಾ ಆ ಜಾಗವನ್ನು ಹಿಂದಕ್ಕೆ ಸರಿಸಿ ಮೂರು ಸಲ ನೋಡಿದರು. ಕನಸೋ ಖರೆಯೋ ಎಂದು ಈ ಸಲ ಕೇಳಲಿಲ್ಲ. ಹೆಬ್ಬೆರಳಿನಿಂದ ತೋರುಬೆರಳನ್ನು, ಹಳೆಯ ಕಾಲದಲ್ಲಿ ರೀಲಿನ ಅಂಚು ಸವರಿ ನೋಡುತ್ತಿದ್ದಂತೆ, ಮೆಲ್ಲಗೆ ಸವರುತ್ತ ಹೇಳಿದರು:

"ನಾಕು ಹೆಜ್ಜಿ, ಮೂರು ಜೋಡ. ಒಂದೂ ಕೈಗಿ ಹತ್ತವಲ್ದು ನೋಡು."